ಗೀರು ಬಿದ್ದ ಕಲ್ಲು

ವಾಷಿಂಗ್ ಮಷೀನಿನೊಳಗೆ ಕಲ್ಲು ಉರುಳುವ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಮೊದಲು ಒಂದು, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಎಲ್ಲವೂ ಒಟ್ಟಿಗೆ. ರಾತ್ರಿಯೆಲ್ಲ ಬಂಡೆಯ ಸಂದುಗಳಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಹಿಡಿದುಕೊಂಡಿದ್ದ ನೀರು, ಬಿಸಿಲು ತಾಗಿ ಕರಗಿ ಕೈಬಿಟ್ಟಾಗ ಹೀಗೆಯೇ ಆಗುತ್ತದೆ ಎಂದು ಅವಳ ತಲೆ ಅದರಷ್ಟಕ್ಕೆ ಹೇಳಿತು. ಗಂಡ ಸತ್ತ ಮೇಲೆ ತಲೆ ಹೀಗೆ ಪಾಠದ ಮಾತುಗಳನ್ನೇ ಹೇಳುತ್ತಿತ್ತು. ಎದೆ ಏನನ್ನೂ ಹೇಳುತ್ತಿರಲಿಲ್ಲ. ಎದ್ದು ಹೋದಳು. ಅತ್ತೆ ಮಷೀನಿನ ಮುಚ್ಚಳದ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ, ಅಂಗೈ ಇಟ್ಟುಕೊಂಡು ನಿಂತಿದ್ದರು.

"ಅವನ ಪ್ಯಾಂಟು ಹಾಕ್ಬಿಟ್ಟೆ. ಜೇಬು ನೋಡಲಿಲ್ಲ."

"ನಿಲ್ಲಿಸಲಾ ಅತ್ತೆ?"

"ಬೇಡ, ತಿರುಗಲಿ ಬಿಡು. ಕೆಟ್ಟರೆ ಕೆಡಲಿ. ಮನೇಲಿ ಏನಾದ್ರೂ ಒಂದು ಸದ್ದು ಬೇಕು."

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟುಹೋಗಿದ್ದರು. ಅಡುಗೆಮನೆಯಲ್ಲಿ ಯಾರ್ಯಾರದೋ ಕೈ ಇಟ್ಟು ಹೋದ ಪಾತ್ರೆಗಳು ತಪ್ಪು ಗೂಡುಗಳಲ್ಲಿ ಕೂತಿದ್ದವು. ಹಾಲಿನವನು ಎಂದಿನಂತೆ ಬಂದಿದ್ದ, ಪತ್ರಿಕೆ ಎಂದಿನಂತೆ ಬಾಗಿಲ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಹೋಗುವಾಗ ಚಿಕ್ಕತ್ತೆ ಮೆಟ್ಟಿಲ ಮೇಲೆ ನಿಂತು, ಪಿಸುಗುಟ್ಟುತ್ತೇನೆಂದುಕೊಂಡು ಇಡೀ ಬೀದಿಗೆ ಕೇಳುವಂತೆ, "ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡು, ಓದಿದವಳಲ್ವಾ," ಎಂದಿದ್ದರು. ಸುಳ್ಳಲ್ಲ. ಎಲ್ಲರೂ ಅಳುತ್ತಿದ್ದಾಗ ಅವಳು ಸ್ಮಶಾನದ ಹಿಂದಿನ ಇಳಿಜಾರನ್ನು ನೋಡುತ್ತ ನಿಂತಿದ್ದಳು. ಅಲ್ಲಿನ ಮರಗಳ ಬುಡಗಳೆಲ್ಲ ಕೆಳಮುಖವಾಗಿ ಬಾಗಿ ಆಮೇಲೆ ನೆಟ್ಟಗಾಗಿದ್ದವು. ಎಂದರೆ ಮಣ್ಣು ವರ್ಷವರ್ಷಕ್ಕೆ ಕೂದಲೆಳೆಯಷ್ಟು ಜಾರುತ್ತಿದೆ. ಇದನ್ನು ಅವನಿಗೆ ತೋರಿಸಬೇಕು ಎಂದುಕೊಂಡು ಪಕ್ಕಕ್ಕೆ ತಿರುಗಿಯೂ ಇದ್ದಳು. ಪಕ್ಕದಲ್ಲಿ ಚಿಕ್ಕತ್ತೆ ಇದ್ದರು.

"ಇವತ್ತು ಸಹಿ ಹಾಕೋಕೆ ಕರೆದಿದಾರಲ್ಲ," ಎಂದು ಅತ್ತೆ ತಟ್ಟೆ ಮುಂದಿಟ್ಟರು. "ಇಸ್ತ್ರಿ ಮಾಡಿದ್ದು ಹಾಕ್ಕೊಂಡು ಹೋಗು. ನಿಮ್ಮ ವಿಭಾಗದ ಹಿಮರಾಯರು ನನ್ನ ಕೈ ಹಿಡ್ಕೊಂಡು ಹೇಳಿದ್ರು, ಆಸ್ಪತ್ರೆಗೆ ಅವನ ಹೆಸರೇ ಇಡ್ತೀವಿ ಅಂತ. ಬಾಗಿಲ ಮೇಲೆ, ದೊಡ್ಡ ಅಕ್ಷರದಲ್ಲಿ. ಕನ್ನಡಕ ಇಲ್ಲದೆ ಓದೋ ಹಾಗಿರಬೇಕು ಅಂದೆ. ಆಗಲಿ ಅಮ್ಮಾ ಅಂದ್ರು."

ಅವಳು ಹೂಂ ಎಂದಳು. ಒಂದು ತುತ್ತೂ ಬಾಯಿಗಿಡದೆ ತಟ್ಟೆ ಸರಿಸಿ ಎದ್ದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮನೆಗಳ ಸಾಲು ಮುಗಿದಲ್ಲಿ ಬೆಟ್ಟ ಎದ್ದು ಕಾಣುತ್ತದೆ. ಅದರ ಎದುರಿನ ಮೈ ಕಡಿದಾದ ಬೂದು ಬಂಡೆಗೋಡೆ, ಗೋಡೆಯ ಬುಡದಲ್ಲಿ ಬಿಲ್ಲಿನಂತೆ ಬಾಗಿದ ಉದ್ದನೆಯ ಕಲ್ಲುದಿಬ್ಬ, ದಿಬ್ಬದ ಕೆಳಗೆ ಹಸಿರು ಬಯಲು. ಆಸ್ಪತ್ರೆ ಬರುವುದು ಆ ಬಯಲಿನಲ್ಲಿ. ಅಲ್ಲಿ ಕಟ್ಟಬಹುದೇ ಎಂದು ಹೇಳಬೇಕಾದದ್ದು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ. ವರದಿ ಬರೆದವನು ಅವಳ ಗಂಡ. ನಕ್ಷೆ ಬರೆದವಳು ಅವಳು. ಅವನ ಸಹಿ ಬೀಳುವ ಮೊದಲೇ, ವರ್ಷಗಟ್ಟಲೆ ಸಡಿಲ ಬಂಡೆಗಳ ಕೆಳಗೆ ಓಡಾಡಿ ಒಂದು ತರಚು ಗಾಯವನ್ನೂ ಮಾಡಿಕೊಳ್ಳದಿದ್ದ ಮನುಷ್ಯ, ಟೀ ಕುಡಿಯಲೆಂದು ಹೊರಟು, ವಿಭಾಗದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಈಗ ಅವಳ ಸಹಿಯೊಂದಿದ್ದರೆ ಸಾಕು. ದಿಬ್ಬ ಪುರಾತನ ಹಿಮನದಿಯೊಂದು ಹೊತ್ತು ತಂದು ಸುರಿದು ಹೋದದ್ದು, ಆಮೇಲೆ ಅಲ್ಲಿ ಏನೂ ಅಲುಗಿಲ್ಲ, ನಿಶ್ಚಿಂತೆಯಿಂದ ಕಟ್ಟಿ ಎನ್ನುತ್ತದೆ ವರದಿ. ದಿಬ್ಬ ಹಿಮ ತಂದದ್ದಲ್ಲ, ಮೇಲಿನ ಗೋಡೆಯೇ ಒಮ್ಮೆ ಕುಸಿದು ಬಿದ್ದದ್ದು, ಬಿದ್ದ ಗೋಡೆ ಮತ್ತೆ ಬೀಳಬಹುದು ಎಂದು ಅವಳಿಗೆ ಮೊದಲ ದಿನವೇ ಅನಿಸಿತ್ತು. ಆ ದಿನ ಇಬ್ಬರೂ ದಿಬ್ಬದ ಮೇಲೆ ಕೂತು ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಅವಳ ಕಾಲ ಬಳಿ ಮನೆಯಷ್ಟು ದೊಡ್ಡ ಬಂಡೆಯೊಂದು ಒಡೆದು ಚೂರುಚೂರಾಗಿಯೂ, ನೆಲಕ್ಕೆ ಬಿದ್ದ ಮಡಕೆಯ ಚೂರುಗಳನ್ನು ಯಾರೋ ಮತ್ತೆ ಜೋಡಿಸಿಟ್ಟ ಹಾಗೆ, ಚೂರಿಗೆ ಚೂರು ಹೊಂದಿಕೊಂಡೇ ನಿಂತಿತ್ತು. ಹಿಮ ಹೊತ್ತು ತಂದಿದ್ದರೆ ಚೂರುಗಳು ದಿಕ್ಕಾಪಾಲಾಗುತ್ತಿದ್ದವು. ಬಿದ್ದ ಬಂಡೆ ಮಾತ್ರ ಹೀಗೆ ಒಡೆಯುತ್ತದೆ.

"ನಿಂಗೆ ಎಲ್ಲೆಲ್ಲೂ ಬೀಳೋದೇ ಕಾಣುತ್ತೆ," ಎಂದಿದ್ದ ಅವನು.

"ನಿಂಗೆ ಎಲ್ಲೆಲ್ಲೂ ಐಸೇ ಕಾಣುತ್ತೆ. ಹಿಮರಾಯರ ಶಿಷ್ಯ ಅಲ್ವಾ!"

ವಿಭಾಗದ ಮುಖ್ಯಸ್ಥರಿಗೆ ಹುಡುಗರು ಇಟ್ಟ ಹೆಸರದು. ಅವರ ಚಪ್ಪಲಿ ಕಳೆದರೂ ಹಿಮನದಿ ಎಳೆದುಕೊಂಡು ಹೋಯಿತು ಅಂತಾರೆ ಎಂದು ಹಾಸ್ಯ. ಅವನು ನಕ್ಕಿದ್ದ, ನಗುವಾಗ ಅನ್ನದ ಅಗುಳು ಗಡ್ಡಕ್ಕೆ ಹತ್ತಿತ್ತು, ಅವಳು ಒರೆಸಿದ್ದಳು. ಮುಂದಿನ ವಾರ ಅವನೊಬ್ಬನೇ ಮತ್ತೆ ಹೋಗಿ ಒಂದು ಮೂಟೆ ಕಲ್ಲು ತಂದ. ಬಚ್ಚಲಲ್ಲಿ ಕೂತು, ಬಕೀಟಿನಲ್ಲಿ ಅದ್ದಿ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿ ತೊಳೆದ. ಆ ಕೆಲಸವನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ. "ತಾನು ಸ್ನಾನ ಮಾಡಿದ್ದಕ್ಕಿಂತ ಕಲ್ಲಿಗೆ ಮಾಡಿಸಿದ್ದೇ ಜಾಸ್ತಿ," ಎಂದು ಅತ್ತೆ ಹೊರಗಿನಿಂದ ಕೂಗುತ್ತಿದ್ದರು. ತೊಳೆದ ಕಲ್ಲುಗಳ ನಡುವಿನಿಂದ ಅವನು ಒಂದನ್ನು ಎತ್ತಿ, ಒದ್ದೆ ಕೈಯಲ್ಲೇ ಓಡಿ ಬಂದಿದ್ದ. ಹಸಿರು ಬಣ್ಣದ್ದು, ಅಂಚು ಸವೆದು ನುಣ್ಣಗಾದದ್ದು, ಮೈಮೇಲೆ ಉದ್ದುದ್ದ ಗೀರುಗಳು. ಹಿಮನದಿಯ ತಳದಲ್ಲಿ ಸಿಕ್ಕಿ ನೆಲಕ್ಕೆ ಉಜ್ಜಿಕೊಂಡು ಬಂದ ಕಲ್ಲಿಗೆ ಮಾತ್ರ ಅಂಥ ಗೀರು ಬೀಳುತ್ತದೆ. "ನೋಡು! ಆ ಗೋಡೇಲಿ ಹಸಿರು ಕಲ್ಲು ಎಲ್ಲಿದೆ ತೋರಿಸು. ಇದು ದೂರದಿಂದ ಬಂದಿದ್ದು. ಇನ್ನೇನು ಹೇಳ್ತೀಯಾ?" ಕಲ್ಲಿನ ಮುಂದೆ ಅನಿಸಿಕೆ ನಿಲ್ಲುವುದಿಲ್ಲ. ಅಂದಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುಚ್ಚಿಕೊಂಡದ್ದು ಕಲ್ಲಿಗಾಗಿಯೋ ಸಂಸಾರಕ್ಕಾಗಿಯೋ ಎಂದು ತನ್ನನ್ನೇ ಕೇಳಿಕೊಳ್ಳದೆ.

ವಿಭಾಗದಲ್ಲಿ ಅವಳು ನಡೆದಲ್ಲೆಲ್ಲ ಮಾತು ನಿಂತಿತು. ಟೈಪಿಸ್ಟು ಎದ್ದು ನಿಂತಳು, ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತಳು. ಅವನು ಕೂತಿದ್ದ ಆ ಮೆಟ್ಟಿಲನ್ನು ತುಳಿಯದೆ ದಾಟುವುದೋ ತುಳಿಯುವುದೋ ಎಂದು ಅವಳು ಯೋಚಿಸುವಷ್ಟರಲ್ಲಿ ಕಾಲು ತುಳಿದೇಬಿಟ್ಟಿತ್ತು. ಹಿಮರಾಯರು ಬಾಗಿಲವರೆಗೆ ಬಂದು ಕರೆದುಕೊಂಡು ಹೋದರು. ಅವನು ಬದುಕಿದ್ದಾಗ ಅವಳಿಗೆ ಕೂರು ಎಂದವರೂ ಅಲ್ಲ.

"ನೋಡಮ್ಮ, ಓದೋ ತೊಂದರೆ ತಗೋಬೇಡ. ಎಲ್ಲಾ ಅವನೇ ಬರೆದಿದ್ದು, ನಿಂಗೆ ಗೊತ್ತಿರೋದೇ. ಮಧ್ಯಾಹ್ನ ಇಂಜಿನಿಯರ್ ಬರ್ತಾರೆ, ಅವರ ಮುಂದೆ ಒಂದು ಸಹಿ. ಅಷ್ಟರಲ್ಲಿ ಅವನ ರೂಮಲ್ಲಿ ಕೂತ್ಕೊ, ಅವನ ಸಾಮಾನು ಏನೇನಿದೆ ನೋಡ್ಕೊ."

"ಸರ್, ನಂಗೆ ಮೊದಲಿಂದಲೂ ಆ ದಿಬ್ಬದ ಬಗ್ಗೆ..."

"ಗೊತ್ತಮ್ಮ. ಅವನೇ ಹೇಳಿದ್ದ, ಮನೇಲಿ ನಿಮ್ಮದು ಇದೇ ಜಗಳ ಅಂತ." ಅವರು ಮೃದುವಾಗಿ ನಕ್ಕರು. "ಇನ್ನು ಆ ಜಗಳ ಯಾಕೆ? ಗೆಲ್ಲೋಕೆ ಎದುರಿಗೆ ಯಾರಿದಾರೆ?"

ಅದು ಕಪಾಳಕ್ಕೆ ಹೊಡೆದ ಹಾಗಿರಲಿಲ್ಲ; ತಲೆ ಸವರಿದ ಹಾಗಿತ್ತು. ಅವನ ರೂಮಿನಲ್ಲಿ ಅವನ ಕುರ್ಚಿಯಲ್ಲಿ ಕೂತಾಗ ಅದು ಅವನ ಎತ್ತರಕ್ಕೆ ಏರಿಸಿದ್ದೇ ಇತ್ತು, ಕಾಲು ನೆಲಕ್ಕೆ ಎಟಕಲಿಲ್ಲ. ವರದಿ ತೊಡೆಯ ಮೇಲಿತ್ತು. ಸಹಿ ಹಾಕಿದರೆ ಗಂಡ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಉಳಿಯುತ್ತಾನೆ. ಹಾಕದಿದ್ದರೆ, ಸತ್ತವನನ್ನು ಬೀಳಿಸಿದವಳು ಎನ್ನುತ್ತಾರೆ, ಮತ್ತು ಕೈಯಲ್ಲಿ ಒಡೆದ ಬಂಡೆಯ ನೆನಪೊಂದು ಬಿಟ್ಟರೆ ಬೇರೇನೂ ಇಲ್ಲ. ಆ ಬಯಲಿನಲ್ಲಿ ರೋಗಿಗಳ ಹಾಸಿಗೆಗಳ ಸಾಲು ಅವಳ ಕಣ್ಣ ಮುಂದೆ ಬಂತು. ಹಾಸಿಗೆಯಲ್ಲಿರುವವರು ಎದ್ದು ಓಡಲಾರರು.

ಬಾಗಿಲಲ್ಲಿ ಕೀಲಿಗಳ ಸದ್ದಾಯಿತು. ಕೆಳಗಿನ ಮಹಡಿಯ ಶಿಲಾ ಸಂಗ್ರಹಾಲಯ ನೋಡಿಕೊಳ್ಳುವ ಹೆಂಗಸು, ಎಲ್ಲರ ಬಾಯಲ್ಲಿ ಬೀಗದಕ್ಕ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದರು.

"ತಂಗೀ, ಇಂಥ ಹೊತ್ತಲ್ಲಿ ಕೇಳಬಾರದು. ನಾಲಗೆ ಬರ್ತಿಲ್ಲ."

"ಕೇಳಿ ಅಕ್ಕ."

"ನಿಮ್ಮ ಮನೆಯವರು ಒಂದು ಕಲ್ಲು ಒಯ್ದಿದ್ರು, ದಿಬ್ಬದಲ್ಲಿ ಹೋಲಿಸಿ ನೋಡೋಕೆ ಅಂತ. ಈಗ ತಂದುಕೊಡ್ತೀನಿ, ಆಗ ತಂದುಕೊಡ್ತೀನಿ ಅಂತಾನೇ ಇದ್ರು. ಪರೀಕ್ಷೆ ಬಂತು, ಹುಡುಗರಿಗೆ ತೋರಿಸೋಕೆ ಅದೊಂದೇ ಇರೋದು. ನಾನೇನು ನೆಕ್ಲೇಸ್ ಕೇಳ್ತಿಲ್ಲ, ಕಲ್ಲು ಕೇಳ್ತಿದೀನಿ, ಆದ್ರೂ ನಾಚಿಕೆ ಆಗುತ್ತೆ."

ಅವಳಿಗೆ ಆ ಕಲ್ಲು ಗೊತ್ತಿತ್ತು, ಒಂದು ಕಿರಿಕಿರಿಯಾಗಿ ಮಾತ್ರ. ಅವಳು ಅದನ್ನು ಒಮ್ಮೆಯೂ ಕಂಡಿರಲಿಲ್ಲ; ಅವನು ದಿಬ್ಬದಿಂದ ಮನೆಗೆ ಬಂದಾಗ ಅದು ಚೀಲದಲ್ಲಿರಲಿಲ್ಲ. ನೀನೇ ಎಲ್ಲೋ ಎತ್ತಿಟ್ಟೆ, ನೀನೇ ಗಿಡದ ಬುಡಕ್ಕೆ ಎಸೆದೆ ಎಂದು ಅವನು ಒಂದು ಭಾನುವಾರವಿಡೀ ಕೂಗಾಡಿದ್ದ. ಅತ್ತೆಯ ಹೂಕುಂಡಗಳನ್ನೆಲ್ಲ ಬೋರಲು ಹಾಕಿ, ಬೆವರು ಸುರಿಸುತ್ತ, ಉಗುರಿನಲ್ಲಿ ಮಣ್ಣು ಕೆದಕಿ ಹುಡುಕಿದ್ದ. ಕೆಂಪು ಬಣ್ಣದಲ್ಲಿ ಅಂಕಿ ಬರೆದಿದೆ, ಅಂಕಿ ನೋಡು, ಅಂಕಿ ನೋಡು ಎನ್ನುತ್ತಿದ್ದ. ಅವಳೂ ಮಂಡಿಯೂರಿ ಅಂಕಿ ಹುಡುಕಿದ್ದಳು.

"ನೋಡೋಕೆ ಹೇಗಿತ್ತು ಅಕ್ಕ?"

"ಮಗುವಿನ ಪಾದ ಇದ್ದ ಹಾಗೆ. ಹಸಿರು. ಹಿಮ್ಮಡಿ ಮಾತ್ರ ಸ್ವಲ್ಪ ಮುರಿದಿದೆ."

ಅವಳ ಕೈ ತೊಡೆಯ ಮೇಲಿನ ವರದಿಯನ್ನು ತೆರೆಯಿತು. ದಿಬ್ಬವನ್ನು ಹಿಮನದಿಯದೆಂದು ಸಾಧಿಸಿದ ಆ ಒಂದು ಕಲ್ಲಿನ ಫೋಟೋ, ಪುಟದ ತುಂಬ. ಅಳತೆಗೆಂದು ಅಡ್ಡ ಇಟ್ಟ ಅವನ ಪೆನ್ನು ಕೆಳತುದಿಯನ್ನು ಮುಚ್ಚಿತ್ತು. ಮೇಲೆ ಐದು ಬೆರಳು ಬಿಡಿಸುವುದೊಂದೇ ಬಾಕಿ ಇದ್ದ ಮಗುವಿನ ಪಾದ.

"ಕೂತ್ಕೊಳ್ಳಿ ಅಕ್ಕ," ಎಂದಳು.

ಮಾದರಿಗಳ ಪೆಟ್ಟಿಗೆ ಬೀರುವಿನ ಕೆಳಗಿತ್ತು. ಅವಳು ನೆಲದ ಮೇಲೆ ಕೂತು ಎಳೆದುಕೊಂಡಳು. ಬೂದು ಕಲ್ಲುಗಳು, ಎಲ್ಲವೂ ಗೋಡೆಯ ಬಣ್ಣದವು, ಬೆರಳು ಕುಯ್ಯುವಂಥ ಅಂಚಿನವು. ಅವುಗಳ ಮಧ್ಯೆ ಮದುವೆ ಮನೆಗೆ ತಪ್ಪಿ ಬಂದ ಅಪರಿಚಿತನಂತೆ ಆ ಹಸಿರು. ಎತ್ತಿ ತಿರುಗಿಸಿದಳು. ಹಿಮ್ಮಡಿ ಮುರಿದಿತ್ತು. ಅಡಿಯ ಮೈಯಲ್ಲಿ ದಿಬ್ಬದ ಮಾದರಿಯೆಂದು ಅವನ ಕೈಯ ಕಪ್ಪು ಅಂಕಿ. ಅವಳು ಅವನ ಮೇಜಿನಿಂದ ಲೆನ್ಸ್ ತೆಗೆದು ಕಣ್ಣಿಗೆ ಹಿಡಿದು, ಕಿಟಕಿಯ ಬೆಳಕಿಗೆ ಕಲ್ಲನ್ನು ಒಯ್ದು ಅಂಗುಲ ಅಂಗುಲವಾಗಿ ನೋಡಿದಳು. ತಂತಿ ಬ್ರಷ್ಷು ಎಲ್ಲವನ್ನೂ ಉಜ್ಜಿತ್ತು. ಬ್ರಷ್ಷಿನ ತಂತಿ ಇಳಿಯಲಾರದ, ಸಾಸಿವೆಯಷ್ಟು ಆಳದ ಒಂದು ಗುಳಿಯಲ್ಲಿ, ಕೆಂಪು ಬಣ್ಣ ಹಾಗೇ ಕೂತಿತ್ತು.

ದಿಬ್ಬದ ಮೇಲೆ ಸಂಜೆ ಮಬ್ಬಿನಲ್ಲಿ ಹೋಲಿಸಲೆಂದು ಕೆಳಗಿಟ್ಟದ್ದು ಮೂಟೆಗೆ ಸೇರಿದೆ. ಬಚ್ಚಲಲ್ಲಿ ಅಂಕಿ ಅಳಿಸಿದೆ, ಅಂಕಿಯಿಂದಷ್ಟೇ ಗುರುತಿಟ್ಟುಕೊಂಡಿದ್ದ ಅವನಿಗೆ ಅದು ಹೊಸ ಕಲ್ಲಾಗಿ ಕಂಡಿದೆ. ಇಬ್ಬರೂ ಹೂಕುಂಡದಲ್ಲಿ ಹುಡುಕಿದ್ದು ಅಂಕಿಯನ್ನು. ಕಲ್ಲು ಆಗಲೇ ಪೆಟ್ಟಿಗೆಯಲ್ಲಿ ಬೇರೆ ಹೆಸರಿನಲ್ಲಿ ಕೂತಿತ್ತು. ದೂರದಿಂದ ಬಂದಿದ್ದು ಎಂದು ಅವನು ಹೇಳಿದ್ದು ನಿಜವೇ. ಬಂದದ್ದು ಹಿಮನದಿಯಲ್ಲಲ್ಲ, ಅವನ ಕೈಚೀಲದಲ್ಲಿ.

ಅವನಿಗೆ ಗೊತ್ತಿತ್ತೇ? ಆ ಪ್ರಶ್ನೆ ಹಿಂದಿನಿಂದ ಬಂದು ಕತ್ತು ಹಿಡಿಯಿತು. ಗೊತ್ತಿದ್ದೂ ಸುಮ್ಮನಿದ್ದನೇ? ಆಗ ಅವಳಿಗೆ ಆ ಭಾನುವಾರ ಮತ್ತೆ ಕಂಡಿತು: ಬನಿಯನ್ ಬೆನ್ನಿಗೆ ಅಂಟಿದೆ, ಉಗುರಿನ ತುಂಬ ಮಣ್ಣು, ಕೊನೆಯ ಕುಂಡವನ್ನೂ ಬೋರಲು ಹಾಕಿ ಅಳು ಬಂದವನಂತೆ ಕೂತಿದ್ದಾನೆ. ಗೊತ್ತಿರುವವನು ಹಾಗೆ ಹುಡುಕುವುದಿಲ್ಲ. ಅವನು ತಪ್ಪಿದ್ದ, ಆದರೆ ಸುಳ್ಳು ಹೇಳಿರಲಿಲ್ಲ. ಬಯಸಿದ್ದು ಎದುರಿಗೆ ಕಂಡಾಗ ಸಂತೋಷಪಟ್ಟಿದ್ದ, ಅಷ್ಟೆ. ಅವನು ಕೂಗಾಡಿದ ಆ ಒಂದು ಭಾನುವಾರವೇ ಅವನ ಪರ ಸಾಕ್ಷಿ ಹೇಳುತ್ತಿತ್ತು. ಅವಳ ಎದೆಯಲ್ಲಿ ಎಷ್ಟೋ ದಿನದಿಂದ ಒಂದೇ ಕಡೆ ಒತ್ತಿಕೊಂಡಿದ್ದದ್ದು ಜಾರಿತು, ಮತ್ತು ಅವಳು ನಕ್ಕಳು. ಅವನ ರೂಮಿನ ನೆಲದ ಮೇಲೆ, ಕಲ್ಲುಗಳ ನಡುವೆ, ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಳು. ನಗುವಿನ ಮಧ್ಯೆ ಕಣ್ಣೀರು ತಾನೇ ಸುರಿಯಿತು, ಎರಡೂ ಒಂದೇ ನೀರು ಎಂಬಂತೆ. ಗಂಡ ಸತ್ತ ಮೇಲೆ ಬಂದ ಮೊದಲ ಭಾವ ಇದು, ಮತ್ತು ಇದು ಗೆಲುವು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

"ಅಯ್ಯೋ ತಂಗೀ, ಸಿಗದಿದ್ರೆ ಹೋಗಲಿ ಬಿಡಿ, ಕಲ್ಲು ತಾನೆ," ಎಂದು ಬೀಗದಕ್ಕ ಗಾಬರಿಯಿಂದ ಎದ್ದರು.

"ಸಿಕ್ಕಿದೆ ಅಕ್ಕ. ಸಂಜೆಯೊಳಗೆ ತಂದುಕೊಡ್ತೀನಿ. ಅದಕ್ಕೆ ಮುಂಚೆ ಇದಕ್ಕೊಂದು ಕೆಲಸ ಇದೆ. ಕರೆದಾಗ ಮೇಲೆ ಬರ್ತೀರಾ?"

ಮಧ್ಯಾಹ್ನ ಹಿಮರಾಯರ ಮೇಜಿನ ಮೇಲೆ ಇಂಜಿನಿಯರ್ ಆಸ್ಪತ್ರೆಯ ನಕ್ಷೆ ಹರಡಿದ್ದರು, ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೆ ನಾಲ್ಕು ಟೀ ಲೋಟ. ಹಿಮರಾಯರು ಪೆನ್ನಿನ ಮುಚ್ಚಳ ತೆಗೆದು ಅವಳತ್ತ ಚಾಚಿದರು. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ನಕ್ಷೆಯ ನಡುವೆ ಇಟ್ಟಳು.

"ಓ, ನಮ್ಮ ಕಲ್ಲು!" ಎಂದರು ಹಿಮರಾಯರು.

"ನಮ್ಮದೇ ಸರ್. ಕೆಳಗಿನ ಸಂಗ್ರಹಾಲಯದ್ದು."

ಅವಳು ಹೇಳಿದಳು. ಒಂದರ ಹಿಂದೆ ಒಂದು, ನಿಂತು ನಿಂತು, ಹೆಚ್ಚಿಗೆ ಒಂದು ಮಾತೂ ಸೇರಿಸದೆ. ಹಿಮರಾಯರ ಮುಖದಲ್ಲಿ ಮೊದಲು ಕರುಣೆ ಕಂಡಿತು.

"ದುಃಖದಲ್ಲಿ ಮನುಷ್ಯನ ಕಣ್ಣಿಗೆ ಏನೇನೋ ಕಾಣುತ್ತಮ್ಮ."

"ಲೆನ್ಸ್ ತಗೊಳ್ಳಿ ಸರ್. ಅದಕ್ಕೆ ದುಃಖ ಇಲ್ಲ."

ಅವರು ನೋಡಿದರು. ಕೆಂಪು ಚುಕ್ಕೆ ಯಾವುದರದಾದರೂ ಆಗಬಹುದು ಎಂದರು. ಅವಳು ಬಾಗಿಲತ್ತ ತಿರುಗಿ ಕರೆದಳು. ಬೀಗದಕ್ಕ ಒಳಗೆ ಬಂದು, ಕಲ್ಲನ್ನು ಎತ್ತಿ, ಕಳೆದುಹೋದ ಮಗುವನ್ನು ನೋಡಿದ ಹಾಗೆ ಮುಖ ಅರಳಿಸಿದರು.

"ನಮ್ಮದೇ ಸರ್! ಈ ಹಿಮ್ಮಡಿ ನೋಡಿ, ನೀವೇ ಬೀಳಿಸಿ ಮುರಿದಿದ್ದು. ಪರೀಕ್ಷೆ ದಿನ, ಆ ಉದ್ದದ ಹುಡುಗನಿಗೆ ಪ್ರಶ್ನೆ ಕೇಳ್ತಾ. ಯಾರಿಗೂ ಹೇಳಬೇಡ ಅಂದಿದ್ರಿ. ನಾನು ಹೇಳಿರಲಿಲ್ಲ, ಇವತ್ತಿನವರೆಗೆ."

ಇಂಜಿನಿಯರ್ ಕೆಮ್ಮಿದರು, ಕೆಮ್ಮಲ್ಲದ ಕೆಮ್ಮು. ಹಿಮರಾಯರು ಮುರಿದ ಹಿಮ್ಮಡಿಯ ಮೇಲೆ ಹೆಬ್ಬೆರಳಾಡಿಸಿದರು. ಬೆರಳಿಗೆ ಗುರುತು ಸಿಕ್ಕಿತ್ತು.

"ಉಳಿದವು?" ಎಂದರು. ದನಿಯಲ್ಲಿ ಕರುಣೆ ಹೋಗಿತ್ತು. ಸಹೋದ್ಯೋಗಿಯನ್ನು ಕೇಳಿದ ಹಾಗಿತ್ತು.

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಎಲ್ಲಾ ಒಂದೇ ಜಾತಿ ಸರ್. ಎಲ್ಲಾ ಆ ಗೋಡೆಯವೇ. ಒಂದೂ ಸವೆದಿಲ್ಲ. ದಿಬ್ಬದ ಮೇಲಿನ ಬಂಡೆಗಳು ಚೂರಾಗಿಯೂ ಚೂರಿಗೆ ಚೂರು ಅಂಟಿಕೊಂಡು ನಿಂತಿವೆ. ಅದು ಹಿಮ ತಂದಿದ್ದಲ್ಲ. ಬಿದ್ದಿದ್ದು."

"ಮತ್ತೆ ಬೀಳುತ್ತಾ?" ಇಂಜಿನಿಯರ್ ಕೇಳಿದರು.

"ಯಾವಾಗ ಅಂತ ಹೇಳೋಕಾಗಲ್ಲ. ಬಿದ್ದಿದ್ದು ಅರ್ಧ ಗೋಡೆ. ಇನ್ನರ್ಧ ಮೇಲೆ ನಿಂತಿದೆ, ನಿಮ್ಮ ವಾರ್ಡುಗಳ ಕಡೆ ಮುಖ ಮಾಡ್ಕೊಂಡು."

"ಅಮ್ಮಾ, ಅವನ ಹೆಸರು..." ಹಿಮರಾಯರು ಮಾತು ನಿಲ್ಲಿಸಿದರು.

"ಹೆಸರಿಗೆ ಏನೂ ಆಗಲ್ಲ ಸರ್. ಅವರು ಇದ್ದಿದ್ರೆ ಈ ಲೆನ್ಸ್ ಕಿತ್ಕೊಂಡು ನೋಡಿ, ನನ್ನ ಹತ್ರ ಒಂದು ವಾರ ಮಾತು ಬಿಟ್ಟು, ಆಮೇಲೆ ತಾವೇ ಬಂದು ವರದಿ ಹರೀತಿದ್ರು. ಅಷ್ಟು ಗೊತ್ತು ನಂಗೆ."

ಇಂಜಿನಿಯರ್ ಲೋಟಗಳನ್ನು ಒಂದೊಂದಾಗಿ ಎತ್ತಿದರು. ನಕ್ಷೆ ತಾನೇ ಸುರುಳಿ ಸುತ್ತಿಕೊಂಡಿತು. "ನದಿಯಾಚೆ ಇನ್ನೊಂದು ಜಾಗ ಇದೆ," ಎಂದರು. "ಅದನ್ನ ಯಾರು ನೋಡ್ತಾರೆ?"

"ಇವಳು," ಎಂದರು ಹಿಮರಾಯರು. ಸ್ವಲ್ಪ ತಡೆದು, "ಇವರು," ಎಂದು ತಿದ್ದಿಕೊಂಡರು.

ಟೈಪಿಸ್ಟಿನ ಮೇಜಿನಿಂದ ಅವಳು ಮನೆಗೆ ಫೋನ್ ಮಾಡಿದಳು.

"ಅತ್ತೆ, ಆ ಕಲ್ಲು ಸಿಕ್ತು. ಅವರ ಪೆಟ್ಟಿಗೇಲೇ ಇತ್ತು. ತೊಳೆಯುವಾಗ ಅಂಕಿ ಅಳಿಸಿಹೋಗಿದೆ, ಅವರಿಗೇ ಗೊತ್ತಾಗಿಲ್ಲ."

"ನನ್ನ ಕುಂಡ ಎಲ್ಲಾ ಬೋರಲು ಹಾಕಿದ್ನಲ್ಲೇ, ಪಾಪಿ!" ಎಂದ ಅತ್ತೆ ನಗತೊಡಗಿದರು. ನಗು ಎಲ್ಲಿ ಒಡೆಯಬೇಕೋ ಅಲ್ಲಿ ಒಡೆದು ಅಳುವಾಯಿತು. ಅವಳು ಕಾದಳು.

"ಆಸ್ಪತ್ರೆ ಅಲ್ಲಿ ಕಟ್ಟಲ್ಲ ಅತ್ತೆ. ಮೇಲಿನ ಬಂಡೆ ಬೀಳೋ ಅಂಥದ್ದು. ನಾನೇ ಬೇಡ ಅಂದೆ. ಬಾಗಿಲ ಮೇಲೆ ಹೆಸರು... ಇರಲ್ಲ."

"ಬಂಡೆ ಕೆಳಗೆ ಅವನ ಹೆಸರು ಬರೆದಿದ್ರೆ ಜನ ನಾಳೆ ಆ ಹೆಸರು ಹಿಡಿದೇ ಬಯ್ತಿದ್ರು," ಎಂದರು ಅತ್ತೆ, ಮೂಗು ಎಳೆದುಕೊಳ್ಳುತ್ತ. "ಬೆಳಿಗ್ಗೆ ಏನೂ ತಿನ್ನಲಿಲ್ಲ ನೀನು. ಬೇಗ ಬಾ."

ಸಂಗ್ರಹಾಲಯದ ಕಿಟಕಿಗಳಿಂದ ಇಳಿಬಿಸಿಲು ಗಾಜಿನ ಬೀರುಗಳ ಮೇಲೆ ಬಿದ್ದಿತ್ತು. ಬೀಗದಕ್ಕ ಗೊಂಚಲಿನಲ್ಲಿ ಕೀಲಿ ಹುಡುಕಿ ಒಂದು ಖಾನೆ ಎಳೆದರು. ಹತ್ತಿಯ ಹಾಸಿನಲ್ಲಿ ಪಾದದ ಗುಳಿ ಹಾಗೇ ಇತ್ತು, ಅಂಚುಗಳಲ್ಲಿ ಸಣ್ಣ ಧೂಳು. ಅವಳು ಗೀರುಗಳ ಮೇಲೆ ಬೆರಳಾಡಿಸಿದಳು. ಎಲ್ಲವೂ ಒಂದೇ ಕಡೆಗೆ ಹೊರಟಿದ್ದವು. ಬೆಟ್ಟದಾಚೆಯ ಯಾವುದೋ ಕಣಿವೆಯಲ್ಲಿ, ನೋಡುವವರು ಯಾರೂ ಇಲ್ಲದ ಕಾಲದಲ್ಲಿ, ಮೈಲಿಗಟ್ಟಲೆ ಹಿಮ ನಿಜವಾಗಿಯೂ ನಡೆದಿತ್ತು, ಈ ಕಲ್ಲನ್ನು ತಳಕ್ಕೆ ಒತ್ತಿಕೊಂಡು. ಅವನು ಕಂಡ ಹಿಮ ಸುಳ್ಳಲ್ಲ, ಜಾಗ ಬೇರೆ.

ಮೊದಲು ಹಿಮ್ಮಡಿ, ಆಮೇಲೆ ಉಳಿದ ಪಾದ. ಕಲ್ಲು ಗುಳಿಯಲ್ಲಿ ಸರಿಯಾಗಿ ಕೂತಿತು.

"ಅವರದು ಇನ್ನೇನಾದರೂ ಕೊಡೋದಿದೆಯಾ ಅಕ್ಕ?"

"ಏನೂ ಇಲ್ಲ ತಂಗೀ. ಎಲ್ಲಾ ಬಂತು."

ಖಾನೆ ಬಿಗಿಯಾಗಿತ್ತು. ಬೀಗದಕ್ಕ ಕೈ ಹಾಕಲು ಬಂದರು. ಅವಳು ಬೇಡವೆಂದು ತಲೆಯಾಡಿಸಿ, ಎರಡೂ ಅಂಗೈ ಊರಿ, ಮೈಯ ಭಾರವೆಲ್ಲ ಬಿಟ್ಟು ತಾನೇ ಮುಚ್ಚಿದಳು.